ಡಾಕ್ಟರರ ಹಳದಿ ಗಾಡಿ

ನನ್ನ ಹೆಂಡತಿಯ ಅಣ್ಣ ಐವತ್ತಮೂರನೆಯ ವಯಸ್ಸಿನಲ್ಲಿ, ಕಲ್ಯಾಣ್ ಸ್ಟೇಷನ್ನಿನ ಹತ್ತಿರದ ತಮ್ಮ ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು, ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದರು. ಇಪ್ಪತ್ತೆಂಟು ವರ್ಷ ಇಡ್ಲಿ ಮಾರಿದವರು. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ, ಹಿಟ್ಟು ಸಂಜೆಗೆ ಹುಳಿಯಾಗುತ್ತದೆ, ಕಾರು ಆಗುವುದಿಲ್ಲ ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು. ಹೋಟೆಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ಕಾರು ದಲ್ಲಾಳಿಯೊಬ್ಬ, ಪನವೇಲಿನಲ್ಲಿ ಕೊಂಡ ಕೆಂಪು ಗಾಡಿಯನ್ನು ಹದಿನೈದೇ ದಿನದಲ್ಲಿ ಠಾಣೆ ನಗರದಲ್ಲಿ ಮಾರಿದ ಕಥೆಯನ್ನು ಇವರ ಗಲ್ಲಾದ ಎದುರು ನಿಂತು ಹೇಳಿದ್ದ. ಕಥೆ ಕೇಳಿದ ಮೇಲೆ ಭಾವನಿಗೆ ಸಾಂಬಾರಿನ ವಾಸನೆ ಸೇರುತ್ತಿರಲಿಲ್ಲ.

ವ್ಯಾಪಾರಕ್ಕೆ ಬೇಕಾದದ್ದನ್ನೆಲ್ಲ ಅವರು ಒಂದೇ ವಾರದಲ್ಲಿ ಜೋಡಿಸಿಕೊಂಡರು. ಎರಡನೆಯ ಫೋನು, ಬಿಳಿ ಬೂಟು, ಕತ್ತಿನ ಹಿಂದೆ ಸಿಕ್ಕಿಸಿಕೊಳ್ಳುವಂಥ ಕಪ್ಪು ಕನ್ನಡಕ. ಗಾಡಿ ನಿಲ್ಲಿಸುವ ಜಾಗ ಮಾತ್ರ ಇರಲಿಲ್ಲ. ಅದು ನನ್ನ ಹತ್ತಿರ ಇತ್ತು. ಠಾಣೆಯ ಘೋಡ್‌ಬಂದರ್ ರೋಡಿನ ನಮ್ಮ ಸೊಸೈಟಿಯಲ್ಲಿ ಫ್ಲ್ಯಾಟಿನ ಜೊತೆಗೆ ಸಿಕ್ಕಿದ ಪಾರ್ಕಿಂಗಿನಲ್ಲಿ ನನ್ನ ಹಳೆಯ ಸ್ಕೂಟರೊಂದೇ ನಿಲ್ಲುತ್ತಿತ್ತು. ನಾನು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೆ. ಬೆಳಿಗ್ಗೆ ಪೇಪರ್ ಓದಿ ಮುಗಿಸಿದ ಮೇಲೆ ನನಗೂ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಹಾಗಾಗಿ ಜಾಗದ ಜೊತೆ ಮನುಷ್ಯನೂ ಭಾವನಿಗೆ ಪುಕ್ಕಟೆ ಸಿಕ್ಕಿದ.

ಅವರು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಕಳಂಬೋಲಿಗೆ. ಅಲ್ಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ವ್ಯಾಪಾರಿ ಇದ್ದ. ಮೂಲತಃ ಸರಳು, ತಗಡುಗಳ ವ್ಯಾಪಾರ. ಯಾರೋ ಕೊಡಬೇಕಾದ ಹಣದ ಬದಲಿಗೆ ಒಂದು ವಿದೇಶೀ ಗಾಡಿ ಕೊಟ್ಟದ್ದೇ ನೆಪ, ಅಂದಿನಿಂದ ಅವನ ಗೋಡೌನಿನಲ್ಲಿ ಉಕ್ಕಿನ ಸುರುಳಿಗಳ ನಡುನಡುವೆ ಸ್ಪೋರ್ಟ್ಸ್ ಕಾರುಗಳು ನಿಲ್ಲತೊಡಗಿದ್ದವು. ನಾವು ಹೋದಾಗ ಆರು ಇದ್ದವು. ಆರೂ ಗಾಡಿಗಳು ಡಾಕ್ಟರರವೇ ಎಂದು ಅವನು ಹೇಳಿದ.

ಈ ವ್ಯಾಪಾರದಲ್ಲಿ ಡಾಕ್ಟರ್ ಎಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಡಾಕ್ಟರ್ ಗಾಡಿಯನ್ನು ಭಾನುವಾರ ಮಾತ್ರ ಓಡಿಸುತ್ತಾನೆ, ಮೆಲ್ಲಗೆ ಓಡಿಸುತ್ತಾನೆ, ಸರ್ವೀಸಿಗೆ ಸರಿಯಾದ ಹೊತ್ತಿಗೆ ಕೊಡುತ್ತಾನೆ, ಮಾರುವುದು ಕೂಡ ಬೇಸರದಿಂದಲೇ. ಕೊಳ್ಳುವವರು ಇದನ್ನೆಲ್ಲ ನಂಬುತ್ತಾರೆ. ಮುಂಬಯಿಯಿಂದ ಪುಣೆಯವರೆಗೆ ಮಾರಾಟಕ್ಕಿರುವ ಇಂಥ ಗಾಡಿಗಳನ್ನೆಲ್ಲ ಲೆಕ್ಕ ಹಿಡಿದರೆ, ರೋಗಿಗಳನ್ನು ನೋಡಲು ಒಬ್ಬ ಡಾಕ್ಟರೂ ಉಳಿದಿರಲಿಕ್ಕಿಲ್ಲ.

ಭಾವನ ಕಣ್ಣು ಬಿದ್ದದ್ದು ಹಳದಿ ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ ಜರ್ಮನ್ ಗಾಡಿಯ ಮೇಲೆ. ಅದು ನನ್ನ ಸೊಂಟದಷ್ಟೂ ಎತ್ತರ ಇರಲಿಲ್ಲ. ಯಾವ ಡಾಕ್ಟರದ್ದು ಎಂದು ನಾನು ಕೇಳಿದೆ. ಹಲ್ಲಿನ ಡಾಕ್ಟರದ್ದು ಎಂದ. ಅರ್ಧ ಗಂಟೆ ಬಿಟ್ಟು, ಚಹಾ ಬಂದ ಮೇಲೆ ಅದೇ ಡಾಕ್ಟರ್ ಎಲುಬು ಜೋಡಿಸುವವರಾಗಿದ್ದರು.

ಹಿಂದಿನ ದಿನ ನಾನು ಇಂಟರ್ನೆಟ್ಟಿನಲ್ಲಿ ಒಂದಷ್ಟು ಓದಿಕೊಂಡಿದ್ದೆ. ಅಪಘಾತವಾದ ಗಾಡಿಗೆ ಲಪ್ಪದಂಥ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲವಂತೆ. ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಮಾವಿನ ಹಣ್ಣಿನ ಆಕಾರದ ಅಯಸ್ಕಾಂತವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಬಲಗಡೆಯ ಬಾಗಿಲಿಗೆ ಹಚ್ಚಿದೆ, ಟಪ್ಪೆಂದು ಅಂಟಿತು. ಎಡಗಡೆಯ ಬಾಗಿಲಿಗೆ ಹಚ್ಚಿದೆ, ಕೆಳಗೆ ಬಿತ್ತು. ಇನ್ನೊಮ್ಮೆ ಹಚ್ಚಿದೆ. ಇನ್ನೊಮ್ಮೆ ಬಿತ್ತು.

ವ್ಯಾಪಾರಿ ಸ್ವಲ್ಪವೂ ಗಾಬರಿಯಾಗಲಿಲ್ಲ. "ಜರ್ಮನಿಯವ್ರು ಲೆಕ್ಕದಾಗ ಪಕ್ಕಾ ಇರ್ತಾರ್ರೀ. ಡ್ರೈವರ್ ಬಲಕ್ಕ ಕೂಡ್ತಾನಲ್ಲ, ತೂಕ ಸಮ ಆಗ್ಲಿ ಅಂತ ಎಡಗಡಿ ಬಾಗಲಾ ಬ್ಯಾರೆ ಮಾಲಿನಾಗ ಮಾಡ್ಯಾರ."

ಭಾವ ನನ್ನನ್ನು ಬದಿಗೆ ಕರೆದು, ಅಯಸ್ಕಾಂತ ಹಳೆಯದು, ಶಕ್ತಿ ಹೋಗಿರಬೇಕು ಎಂದರು. ಅವರಿಗೆ ಗಾಡಿಯ ಮೇಲೆ ಮನಸ್ಸು ಬಿದ್ದಿತ್ತು. ವ್ಯಾಪಾರ ಕುದುರಿತು. ಕಾಗದ ಮಾಡಿಸುವ ಹೊತ್ತಿಗೆ ಅವರು, ತಮ್ಮ ಹೆಸರಿನಲ್ಲಿ ಆಗಲೇ ಹೋಟೆಲಿನ ಎರಡು ಗಾಡಿ ಇರುವುದರಿಂದ ಇನ್‌ಕಮ್ ಟ್ಯಾಕ್ಸಿನವರ ಕಣ್ಣು ಬೀಳುತ್ತದೆ, ಇದು ನಿಮ್ಮ ಹೆಸರಿನಲ್ಲಿರಲಿ ಎಂದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತು ಬೇರೆಯವರ ಸಹಿಯನ್ನು ಕನ್ನಡಕದಡಿ ಹಿಡಿದು ನೋಡಿದ ನಾನು, ಅಲ್ಲಿ ಒಂದು ಉಕ್ಕಿನ ಸುರುಳಿಯ ಮೇಲೆ ಕಾಗದ ಇಟ್ಟು ನನ್ನ ಸಹಿ ಹಾಕಿದೆ.

ತಳೋಜೆ, ಶಿಳ್‌ಫಾಟಾ, ಮುಂಬ್ರಾ ಬೈಪಾಸ್ ದಾಟಿ ಠಾಣೆಗೆ ಬರುವಷ್ಟರಲ್ಲಿ ಎರಡೂವರೆ ಗಂಟೆ ಹಿಡಿಯಿತು. ಅಷ್ಟು ವೇಗದ ಗಾಡಿಯಲ್ಲಿ ಅಷ್ಟು ನಿಧಾನವಾಗಿ ನಾನು ಹೋದದ್ದು ಅದೇ ಮೊದಲು. ಶಿಳ್‌ಫಾಟಾದ ಜಾಮಿನಲ್ಲಿ ನಮ್ಮ ಎರಡೂ ಕಡೆ ಟ್ರೇಲರುಗಳು ನಿಂತವು. ಕಿಟಕಿಯಿಂದ ನೋಡಿದರೆ ಚಕ್ರ ಮಾತ್ರ ಕಾಣುತ್ತಿತ್ತು. ಮೇಲಿನಿಂದ ಒಬ್ಬ ಡ್ರೈವರ್ ಬಗ್ಗಿ ನೋಡಿ, ಕೆಳಗೆ ಯಾರಾದರೂ ಇದ್ದೀರಾ ಎಂದು ಹಿಂದಿಯಲ್ಲಿ ವಿಚಾರಿಸಿದ. ಪಕ್ಕದ ರಿಕ್ಷಾದವನು ಇಳಿದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಸೆಲ್ಫಿ ತೆಗೆದುಕೊಂಡ. ಭಾವ ಅವನಿಗೆ ಗಂಭೀರವಾಗಿ ತಲೆಯಾಡಿಸಿದರು. ಅವರ ಹೊಟ್ಟೆ ಸ್ಟಿಯರಿಂಗಿಗೆ ಒತ್ತಿಕೊಂಡಿತ್ತು, ಆದರೆ ಮುಖದಲ್ಲಿ ನಾನು ಅಷ್ಟರವರೆಗೆ ಕಾಣದ ಒಂದು ಸಂತೋಷ ಇತ್ತು. ಅದನ್ನು ನೋಡಿ ನನಗೂ ಖುಷಿಯೇ ಆಯಿತು ಎಂದು ಒಪ್ಪಿಕೊಳ್ಳಬೇಕು.

ಖುಷಿ ಸೊಸೈಟಿಯ ಗೇಟಿನ ತನಕ ಇತ್ತು. ಗೇಟಿನ ಸ್ಪೀಡ್ ಬ್ರೇಕರ್ ದಾಟಲು ಹೋದಾಗ ಗಾಡಿಯ ಹೊಟ್ಟೆ ಅದರ ಮೇಲೆ ಕೂತಿತು. ಮುಂದೂ ಹೋಗದು, ಹಿಂದೂ ಬಾರದು. ವಾಚ್‌ಮನ್ ಎರಡು ಹಲಗೆ ತಂದ. ಸೆಕ್ರೆಟರಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಬಂದು, ಸ್ಪೀಡ್ ಬ್ರೇಕರಿಗೆ ಪೆಟ್ಟಾದರೆ ಯಾರು ಜವಾಬ್ದಾರಿ ಎಂದು ಮರಾಠಿಯಲ್ಲಿ ಕೇಳಿದರು. ಮೊದಲು ಭಾವನನ್ನು ಗಾಡಿಯಿಂದ ಹೊರಗೆ ಎಳೆಯಬೇಕಾಯಿತು, ಅವರ ತೂಕ ಇಳಿದ ಮೇಲೆ ಗಾಡಿ ಎದ್ದಿತು. ಅಂದಿನಿಂದ ಆ ಗಾಡಿ ಹೊರಗೆ ಹೋಗಬೇಕಾದರೆ ಎರಡು ಹಲಗೆ, ಇಬ್ಬರು ಮನುಷ್ಯರು ಮತ್ತು ಸೆಕ್ರೆಟರಿಯ ಅನುಮತಿ ಬೇಕಾಯಿತು.

ಜಾಹೀರಾತು ಬರೆಯಲು ಭಾವ ನನ್ನ ಮಗಳನ್ನು ಹಿಡಿದರು. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ಅವರು ಕನ್ನಡದಲ್ಲಿ ಹೇಳುತ್ತ ಹೋದರು, ಅವಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. "ಮಾಮಾ, ಪಪ್ಪಾ ಡಾಕ್ಟರ್ ಕಬ್ ಬನೇ?" ಅಪ್ಪ ಯಾವಾಗ ಡಾಕ್ಟರಾದರು ಎಂದು ಕೇಳಿದಳು.

ಗಾಡಿಯ ಕಾಗದ ನನ್ನ ಹೆಸರಿನಲ್ಲಿತ್ತಲ್ಲ, ಆದ್ದರಿಂದ ಗಾಡಿಯ ಡಾಕ್ಟರ್ ನಾನೇ ಆಗಬೇಕಿತ್ತು. ನನಗೆ ಇದು ಸರಿಕಾಣುವುದಿಲ್ಲ ಎಂದೆ. ಭಾವ ನನ್ನ ಕನ್ನಡಕ, ಬಿಳಿ ಅಂಗಿ, ನರೆತ ಕೂದಲು ಎಲ್ಲವನ್ನೂ ಒಮ್ಮೆ ನೋಡಿದರು. ನನಗೆ ಅವರು ಭಾವ, ಅವರಿಗೆ ನಾನೂ ಭಾವ.

"ನಿಮ್ಮದು ಡಾಕ್ಟರ್ ಮುಖವೇ ಭಾವ. ನೀವು ಎಂತದೂ ಹೇಳುವುದು ಬೇಡ ಮಾರಾಯ್ರೆ, ಸುಮ್ಮನೆ ನಿಂತರೆ ಸಾಕು."

ನನ್ನ ಹೆಂಡತಿ ಒಳಗಿನಿಂದ, ಸುಮ್ಮನೆ ನಿಲ್ಲುವುದು ಅವರಿಗೆ ಅಭ್ಯಾಸ ಉಂಟು ಅಣ್ಣ, ಎಂದಳು. ಜಾಹೀರಾತು ಹೊರಟಿತು.

ಆಮೇಲೆ ಶುರುವಾದದ್ದು ಭಾನುವಾರದ ಜನ. ಗಾಡಿ ಕೊಳ್ಳುವವರು ಬರುತ್ತಾರೆಂದು ನಾನು ಕಾದಿದ್ದೆ, ಬಂದವರು ಗಾಡಿಯನ್ನು ಪ್ರೀತಿಸುವವರು. ಅವರು ಕೊಳ್ಳುವುದಿಲ್ಲ. ಐರೋಲಿಯ ಸಾಫ್ಟ್‌ವೇರ್ ಕಂಪನಿಯ ಒಬ್ಬ ತನ್ನದೇ ಮೆತ್ತನೆಯ ಬಟ್ಟೆ ತಂದು, ಗಾಡಿ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದ. ಆರು ಭಾನುವಾರ ಬಂದ. ಪ್ರತಿ ಸಲವೂ ಇಂಜಿನ್ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಕೇಳಿ, ಈ ಇಂಜಿನ್ ಇನ್ನು ಮುಂದೆ ಯಾರೂ ತಯಾರಿಸುವುದಿಲ್ಲ ಡಾಕ್ಟರ್ ಎಂದು ನಿಟ್ಟುಸಿರು ಬಿಟ್ಟು ಬಸ್ಸಿನಲ್ಲಿ ಹೋಗುತ್ತಿದ್ದ. ವಾಶಿಯ ಒಬ್ಬ ಬಿಲ್ಡರ್ ಬಂದು ಇದು ಚಳಿ ದೇಶದ ಗಾಡಿ, ಮೂಲ ಬಣ್ಣ ನೀಲಿ ಇರಬೇಕಿತ್ತು ಎಂದು ಸಿಟ್ಟು ಮಾಡಿ ಹೋದ. ಪಾಮ್ ಬೀಚ್ ರೋಡಿನಲ್ಲಿ ಬೆಳಿಗ್ಗೆ ಸೇರುವ ಒಂದು ಗುಂಪಿನವರು ಬಂದರು. ಎಂಟು ಜನ, ಎಂಟೂ ಜನರ ಎದೆಯ ಮೇಲೆ ಗಾಡಿಯ ಚಿತ್ರ. ಅವರಲ್ಲಿ ಗಾಡಿ ಇದ್ದದ್ದು ಇಬ್ಬರಿಗೆ. ಮಿಕ್ಕ ಆರು ಜನ ಆ ಇಬ್ಬರಿಗೆ ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂದು ಹೇಳುವವರು. ಅವರು ಚಹಾ ಕುಡಿದು ಹೋದ ಮೇಲೆ ನಮ್ಮ ಮನೆಯಲ್ಲಿ ಹಾಲು ಮುಗಿದಿತ್ತು.

ಇವರಲ್ಲದೆ ಭಾವನಂಥವರು ಬರುತ್ತಿದ್ದರು. ಅವರನ್ನು ನಾನು ದೂರದಿಂದಲೇ ಗುರುತಿಸಲು ಕಲಿತೆ. ಪ್ರೀತಿಸುವವರು ಗಾಡಿಯ ಮುಂಭಾಗ ನೋಡುತ್ತಾರೆ, ಮಾರುವವರು ನೇರವಾಗಿ ಟೈರಿನ ಹತ್ತಿರ ಕೂರುತ್ತಾರೆ. ಅವರಲ್ಲೊಬ್ಬ ಗಾಡಿಯನ್ನು ಸುತ್ತಿ ನೋಡಿ, ಇದನ್ನು ತಾನೇ ಎರಡು ವರ್ಷದ ಹಿಂದೆ ಕಳಂಬೋಲಿಗೆ ಮಾರಿದ್ದೆ, ಆಗ ಇದು ವಕೀಲರ ಗಾಡಿ ಆಗಿತ್ತು ಎಂದ. ಭಾವ ಅವನಿಗೆ ಇನ್ನೊಂದು ಲೋಟ ಚಹಾ ಕುಡಿಸಿ ಕಳಿಸಿದರು.

ಈ ನಡುವೆ ಡಾಕ್ಟರ್ ಎನ್ನಿಸಿಕೊಳ್ಳುವುದು ನನಗೆ ರೂಢಿಯಾಗುತ್ತ ಬಂತು. ನಾಚಿಕೆಯ ವಿಷಯ, ಆದರೂ ಬರೆಯುತ್ತೇನೆ. ಬ್ಯಾಂಕಿನಲ್ಲಿ ಕೊನೆಯ ವರ್ಷಗಳಲ್ಲಿ ಯಾರೂ ನನಗೆ ಎದ್ದು ನಿಂತವರಲ್ಲ. ಇಲ್ಲಿ ಬಂದವರು ನಮಸ್ಕಾರ ಮಾಡುತ್ತಿದ್ದರು. ನಾನು ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕತೊಡಗಿದೆ. ಹೆಂಡತಿ ಅದನ್ನು ಗಮನಿಸಿದಳು.

ನಾಲ್ಕನೆಯ ತಿಂಗಳಲ್ಲಿ ಡೊಂಬಿವಲಿಯಿಂದ ಒಬ್ಬರು ಫೋನ್ ಮಾಡಿ ಬಂದರು. ಅರವತ್ತೆರಡರ ವಯಸ್ಸು, ಕಲಬುರಗಿ ಕಡೆಯವರು, ಲೋಕಲ್ ಟ್ರೇನು ಓಡಿಸುವ ಮೋಟರ್‌ಮನ್ ಆಗಿ ನಿವೃತ್ತರಾದವರು. ಜೊತೆಗೆ ಹೆಂಡತಿ ಇದ್ದರು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಮೋಟರ್‌ಮನ್ ಗಾಡಿಯ ಮುಂಭಾಗವನ್ನೂ ನೋಡಲಿಲ್ಲ, ಟೈರನ್ನೂ ನೋಡಲಿಲ್ಲ. ಬಾಗಿಲು ತೆಗೆದು ಒಳಗೆ ಕೂತು ಸ್ಟಿಯರಿಂಗ್ ಹಿಡಿದುಕೊಂಡರು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತಿರುಗಿಸಿ ನೋಡಿದರು. ಮಗನ ಸಣ್ಣ ಕಾರಿನಲ್ಲಿ ಕಲಿತು ಎರಡು ವರ್ಷದಿಂದ ಓಡಿಸುತ್ತಿದ್ದೇನೆ ಎಂದರು. ಇಂಥದ್ದೇ ಯಾಕೆ ಬೇಕೆಂದು ನಾನು ಕೇಳಿದೆ.

"ಮೂವತ್ತೊಂದು ವರ್ಷ ಗಾಡಿ ಹೊಡದೀನ್ರಿ ಡಾಕ್ಟರ್ ಸಾಹೇಬ್ರ. ಕಲ್ಯಾಣದಿಂದ ಮುಂಬಯಿ, ಮುಂಬಯಿಯಿಂದ ಕಲ್ಯಾಣ. ಒಮ್ಮಿನೂ ತಿರುಗಿಸಿಲ್ಲ. ತಿರುಗೂದು ಹಳಿ ಕೆಲಸ ಇತ್ತು, ನಂದಲ್ಲ. ಈಗ ನನ್ನ ಕೈಲೆ ತಿರುಗಿಸಬೇಕು ಅನಸೇದ."

ಭಾವ ತಾವು ಪಕ್ಕದಲ್ಲಿ ಕೂತು ಅವರಿಂದಲೇ ಒಂದು ಸುತ್ತು ಹಾಕಿಸಲು ಹಲಗೆ ಇಡಿಸಿದರು. ನಾನು ಅವರ ಹೆಂಡತಿಯನ್ನು ಮೇಲೆ ಮನೆಗೆ ಕರೆದುಕೊಂಡು ಬಂದೆ. ನನ್ನ ಹೆಂಡತಿ ಕಾಫಿ ತಂದಳು. ಅವರು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಕಿಟಕಿಯ ಕಡೆ ನೋಡಿ, ಗಾಡಿಯ ಸದ್ದು ಗೇಟಿನಿಂದ ಆಚೆ ಹೋದದ್ದು ಖಾತ್ರಿಯಾದ ಮೇಲೆ ಬಟ್ಟೆಯ ಚೀಲದಿಂದ ಒಂದು ದಪ್ಪ ಫೈಲು ತೆಗೆದು ನನ್ನ ಮುಂದೆ ಇಟ್ಟರು.

ಗಂಡನಿಗೆ ಎರಡು ವರ್ಷದ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿದ್ದಾರೆ ಎಂದರು. ಅದರ ಕಾಗದಗಳೆಲ್ಲ ಇದರಲ್ಲಿವೆ. ಇಂಥ ವೇಗದ ಗಾಡಿ ಓಡಿಸಬಹುದೇ ಎಂದು ಇವರ ಡಾಕ್ಟರನ್ನು ಕೇಳೋಣವೆಂದರೆ ಬೇಡ ಎನ್ನುತ್ತಾರೆ, ಡಾಕ್ಟರು ಬೇಡ ಎಂದುಬಿಟ್ಟರೆ ಎಂಬ ಹೆದರಿಕೆ. ತನ್ನ ಮಾತು ಕೇಳುವುದಿಲ್ಲ, ಮಕ್ಕಳ ಮಾತು ಕೇಳುವುದಿಲ್ಲ. ಆದರೆ ಇಂಥ ಗಾಡಿ ಓಡಿಸಿದ ಡಾಕ್ಟರೇ ಹೇಳಿದರೆ ಕೇಳುತ್ತಾರೆ. ಜಾಹೀರಾತಿನಲ್ಲಿ ಡಾಕ್ಟರ್ ಎಂದು ಓದಿದ ಮೇಲೆಯೇ ತಾನು ಜೊತೆಗೆ ಬರಲು ಒಪ್ಪಿದ್ದು ಎಂದೂ ಹೇಳಿದರು.

"ಓಡಿಸಬಹುದು ಅಂದ್ರ ಓಡಿಸ್ಲಿ, ನಾ ಅಡ್ಡ ಬರೂದಿಲ್ಲ. ಬ್ಯಾಡ ಅಂದ್ರ ನೀವ ಅವರಿಗಿ ಒಂದು ಮಾತು ಹೇಳ್ರಿ."

ನಾನು ಫೈಲು ತೆರೆದೆ. ಯಾಕೆ ತೆರೆದೆನೋ ಗೊತ್ತಿಲ್ಲ. ಗೆರೆಗೆರೆಯ ಇಸಿಜಿ ಕಾಗದ, ಬೂದು ಬಣ್ಣದ ಚಿತ್ರಗಳು, ಇಂಗ್ಲಿಷ್ ಅಕ್ಷರಗಳು. ಒಂದು ಹಾಳೆ ತಿರುವಿದೆ. ಇನ್ನೊಂದು ತಿರುವಿದೆ. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಹುಬ್ಬು ಅಲ್ಲಾಡಿದರೆ ಅವರ ಹುಬ್ಬೂ ಅಲ್ಲಾಡುತ್ತಿತ್ತು. ಮೂರನೆಯ ಹಾಳೆಗೆ ನನ್ನ ಕೈ ಹೋಗಲಿಲ್ಲ.

"ಅಕ್ಕ, ನಾನು ಡಾಕ್ಟರ್ ಅಲ್ಲ. ಬ್ಯಾಂಕಿನಲ್ಲಿ ಇದ್ದವನು," ಎಂದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಫೈಲನ್ನು ತಮ್ಮ ಕಡೆ ಎಳೆದುಕೊಂಡು, ಹಾಳೆಗಳನ್ನು ಸರಿಮಾಡಿ, ದಾರ ಕಟ್ಟಿದರು.

"ಮತ್ತ ಡಾಕ್ಟರ್ ಅಂತ ಯಾಕ ಅಂದ್ರಿ?"

"ನಾನು ಅನ್ನಲಿಲ್ಲ. ಅವರು ಅನ್ನುವಾಗ ಸುಮ್ಮನಿದ್ದೆ."

"ಎರಡೂ ಒಂದ ಆತಲ್ರಿ," ಎಂದರು. ದನಿ ಏರಿಸಲಿಲ್ಲ. ಉಳಿದ ಕಾಫಿ ಕುಡಿಯಲೂ ಇಲ್ಲ.

ಕೆಳಗೆ ಗಾಡಿ ಹಿಂತಿರುಗಿ ಬಂದಿತ್ತು. ಮೋಟರ್‌ಮನ್ ಇಳಿದು ನಿಂತು ನಗುತ್ತಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಅವರ ಹೆಂಡತಿ ಹತ್ತಿರ ಹೋಗಿ ಏನೋ ಒಂದೇ ಮಾತು ಹೇಳಿದರು. ಅವರ ನಗು ನಿಂತಿತು. ನನ್ನ ಕಡೆ ಒಮ್ಮೆ ನೋಡಿದರು, ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಗಾಡಿಯ ಕೀಲಿಯನ್ನು ಭಾವನ ಕೈಗೆ ಕೊಟ್ಟು ಇಬ್ಬರೂ ರಿಕ್ಷಾ ಹಿಡಿದು ಹೋದರು.

ಭಾವನಿಗೆ ವಿಷಯ ತಿಳಿದಾಗ ಅವರು ಮೊದಲು ನಂಬಲಿಲ್ಲ. ಆಮೇಲೆ ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತರು. ನಾಲ್ಕು ತಿಂಗಳಲ್ಲಿ ಹಣ ಕೊಡಲು ಬಂದವರು ಅವರೊಬ್ಬರೇ ಎಂದರು. ಅವರು ಅಡ್ವಾನ್ಸ್ ಕೊಡಲು ಒಪ್ಪಿಯೂ ಆಗಿತ್ತಂತೆ. "ಓಡಿಸಬಹುದು ಅಂತ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟು ಎಂತ ಹೋಗ್ತಿತ್ತು ಭಾವ?" ಎಂದು ಕೇಳಿದರು. ಆ ಮನುಷ್ಯನ ಎದೆಯಲ್ಲಿ ಸ್ಟೆಂಟ್ ಇದೆ ಎಂದೆ. ಈಗ ಯಾರ ಎದೆಯಲ್ಲಿ ಇಲ್ಲ ಎಂದರು ಭಾವ. ಎದ್ದು ಹೋದವರು ಐದು ವಾರ ನಮ್ಮ ಮನೆ ಕಡೆ ಬರಲಿಲ್ಲ. ಒಂದು ದಿನ ನನ್ನ ಹೆಂಡತಿ ಅವರಿಗೆ ಫೋನ್ ಮಾಡಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದಳು. ಅವರು ಆ ಕಡೆಯಿಂದ ಏನಾದರೂ ಹೇಳಿದರೆಂದು ನನಗೆ ಅನ್ನಿಸಲಿಲ್ಲ.

ನನಗೆ ಆ ಐದು ವಾರ ಸಮಾಧಾನ ಇರಲಿಲ್ಲ. ಸತ್ಯ ಹೇಳಿದ್ದಕ್ಕೆ ಹಗುರಾಗಬೇಕಿತ್ತು, ಆಗಲಿಲ್ಲ. ಎರಡೂ ಒಂದೇ ಆಯಿತಲ್ಲ ಎಂದ ಆ ಮಾತು ಹಲ್ಲು ಉಜ್ಜುವಾಗ, ತರಕಾರಿ ತರುವಾಗ ನೆನಪಾಗುತ್ತಿತ್ತು. ಭಾನುವಾರ ಬರುವ ಸಾಫ್ಟ್‌ವೇರ್ ಹುಡುಗನಿಗೂ ನಾನು ಡಾಕ್ಟರಲ್ಲ ಎಂದು ಹೇಳಿದೆ. ಅವನು ಪರವಾಗಿಲ್ಲ ಸರ್, ನಾನೂ ಗಾಡಿ ತೆಗೆದುಕೊಳ್ಳುವವನಲ್ಲ ಎಂದ.

ಒಂದು ಬುಧವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಮೋಟರ್‌ಮನ್ ಒಬ್ಬರೇ ನಿಂತಿದ್ದರು. ಒಳಗೆ ಬಂದು ಕೂತು, ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಅವರ ಹೃದಯದ ಡಾಕ್ಟರು ಬರೆದದ್ದು. ಪರೀಕ್ಷೆಗಳೆಲ್ಲ ಸರಿಯಿವೆ, ಗಾಡಿ ಓಡಿಸಬಹುದು, ರೇಸು ಮಾಡಬಾರದು ಎಂದಿತ್ತು.

ಹೆಂಡತಿಗೆ ತಿಳಿಯದೆ ಬಂದಿರಾ ಎಂದು ಕೇಳಿದೆ.

"ಅಕೀನ ಕಳಿಸ್ಯಾಳ್ರಿ. ಡಾಕ್ಟರ್ ಅಲ್ಲ ಅಂತ ತನ್ನ ಬಾಯಿಲೆ ಹೇಳ್ದಾವ ಇದ್ದಾನಲ್ಲ, ಅವನ್ನ ಗಾಡಿ ಬಗ್ಗಿ ಕೇಳು, ಖರೇ ಹೇಳ್ತಾನ ಅಂದಳು."

ನಾನು ಅವರನ್ನು ಕೆಳಗೆ ಕರೆದುಕೊಂಡು ಹೋಗಿ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಮಾವಿನ ಹಣ್ಣಿನ ಅಯಸ್ಕಾಂತ ತಂದು ಎಡಗಡೆಯ ಬಾಗಿಲಿಗೆ ಹಚ್ಚಿ, ಬೀಳುವುದನ್ನು ತೋರಿಸಿದೆ. ಕಿಲೋಮೀಟರ್ ಎಷ್ಟು ತೋರಿಸುತ್ತದೋ ಅಷ್ಟೇ ಓಡಿದೆ ಎಂದು ನಂಬಬೇಡಿ, ಪೆಡಲ್ಲಿನ ರಬ್ಬರ್ ಸವೆದಿರುವುದನ್ನು ನೋಡಿ ಎಂದೆ. ಹೊಟ್ಟೆ ಸ್ಪೀಡ್ ಬ್ರೇಕರಿಗೆ ಉಜ್ಜಿದ ಜಾಗ, ಎಸಿ ಜಾಮಿನಲ್ಲಿ ಬಿಸಿಗಾಳಿ ಬಿಡುವುದು, ಹಿಂದಿನ ಟೈರು, ಬಲಗಡೆಯ ಕಿಟಕಿ ಮಳೆಗಾಲದಲ್ಲಿ ಅರ್ಧಕ್ಕೇ ನಿಲ್ಲುವುದು. ವಕೀಲರ ವಿಷಯವನ್ನೂ ಹೇಳಿದೆ. ಅವರು ಸಣ್ಣ ಡೈರಿಯಲ್ಲಿ ಒಂದೊಂದನ್ನೇ ಬರೆದುಕೊಂಡರು. ಇಷ್ಟು ಕೇಳಿದ ಮೇಲೆ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.

"ಡ್ಯೂಟಿಗಿ ಹೋದಾಗ ಹಿಂದಿನ ಮೋಟರ್‌ಮನ್ ಗಾಡಿದು ಏನೇನು ಕೆಟ್ಟೇದ ಅಂತ ಬರೆದಿಟ್ಟಿರ್ತಾನ್ರಿ. ಅದು ಓದಿ ಸಹಿ ಮಾಡಿ ಗಾಡಿ ತಗೋತಿದ್ದೆ. ಏನೂ ಕೆಟ್ಟಿಲ್ಲದ ಗಾಡಿ ಒಂದೂ ಸಿಕ್ಕಿಲ್ಲ ನನಗ. ಬರೀಲಾರದ ಗಾಡಿ ಸಿಕ್ರ ಮಾತ್ರ ಅಂಜಿಕಿ ಬರ್ತಿತ್ತು."

ಭಾವನನ್ನು ಕರೆಸಿದೆ. ಅವರು ಬಂದು ಡೈರಿಯ ಪಟ್ಟಿ ಓದಿ ಹಣೆ ಒತ್ತಿಕೊಂಡರು. ಒಂದೊಂದು ಸಾಲಿಗೆ ಬೆಲೆ ಇಳಿಯುತ್ತ ಬಂತು. ಕಿಟಕಿಯ ಸಾಲಿಗೆ ಬಂದಾಗ, ಠಾಣೆಯಲ್ಲಿ ಮಳೆಗಾಲದಲ್ಲಿ ಕಿಟಕಿ ತೆರೆಯುವವರು ಯಾರು ಎಂದು ವಾದ ಮಾಡಿ ಸ್ವಲ್ಪ ಉಳಿಸಿಕೊಂಡರು. ಕೊನೆಗೆ ಕೊಂಡ ಬೆಲೆಗಿಂತ ಒಂದು ಚೂರು ಹೆಚ್ಚಿಗೆ ಗಾಡಿ ಹೋಯಿತು. ಭಾವನಿಗೆ ಲಾಭವೆಂದು ಉಳಿದದ್ದು ಬಿಳಿ ಬೂಟು ಎನ್ನಬಹುದು.

ಆದರೆ ಭಾವ ಸೋಲು ಒಪ್ಪುವ ಜಾತಿಯಲ್ಲ. ನನ್ನ ಸತ್ಯ ಒಂದು ಗಾಡಿ ಮಾರಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮುಂದಿನ ಗಾಡಿ ಒಂದು ಕಪ್ಪು ಬಣ್ಣದ್ದು. ಈ ಸಲದ ಜಾಹೀರಾತಿನಲ್ಲಿ ಡಾಕ್ಟರ್ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಸತ್ಯವಂತ ಅಧಿಕಾರಿಯ ಗಾಡಿ, ದೋಷಗಳನ್ನು ಅವರೇ ತೋರಿಸಿ ಕೊಡುತ್ತಾರೆ ಎಂದಿತ್ತು. ಬಂದವರನ್ನೆಲ್ಲ ಭಾವ ನನ್ನ ಮುಂದೆ ತಂದು ನಿಲ್ಲಿಸಿ, ನಮ್ಮ ಭಾವನ ಬಾಯಲ್ಲಿ ಸುಳ್ಳು ಬರುವುದಿಲ್ಲ, ಕೇಳಿ, ಎನ್ನುತ್ತಿದ್ದರು. ನಾನು ದೋಷಗಳನ್ನು ಹೇಳುತ್ತಿದ್ದೆ. ಜನ ಖುಷಿಯಾಗಿ ಬೆಲೆ ಇಳಿಸುತ್ತಿದ್ದರು. ಅವರು ಇಳಿಸುವಷ್ಟನ್ನು ಭಾವ ಮೊದಲೇ ಏರಿಸಿ ಇಟ್ಟಿರುತ್ತಾರೆ ಎಂದು ನನಗೆ ತಿಳಿದದ್ದು ಮೂರನೆಯ ಗಾಡಿಯ ಹೊತ್ತಿಗೆ. ಅದೇ ಗಾಡಿಯಲ್ಲಿ ಅವರು, ದೋಷ ಎಂಟು ಉಂಟು, ಎಲ್ಲ ಹೇಳಿ ಜನರನ್ನು ಹೆದರಿಸಬೇಡಿ, ಐದು ಸಾಕು ಎಂದು ಸಲಹೆ ಕೊಟ್ಟರು.

ನಾನು ಪಾರ್ಕಿಂಗ್ ಖಾಲಿ ಮಾಡಿಸಿದೆ. ಈ ಸಲ ಹೆಂಡತಿ ನನ್ನ ಪರವಾಗಿ ಬಾಯಿ ಬಿಟ್ಟು ಮಾತಾಡಿದಳು. ಭಾವ ಬೇಜಾರು ಮಾಡಿಕೊಳ್ಳಲಿಲ್ಲ. ಖಾರ್‌ಘರಿನಲ್ಲಿ ಅವರಿಗೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಸಿಕ್ಕಿದ್ದಾರಂತೆ, ಮುಖ ನನ್ನದಕ್ಕಿಂತ ಚೆನ್ನಾಗಿದೆಯಂತೆ, ಎರಡು ಪಾರ್ಕಿಂಗೂ ಇದೆಯಂತೆ.

ಮಳೆ ನಿಂತ ಮೇಲೆ ಒಂದು ಸೋಮವಾರ ಮೋಟರ್‌ಮನ್ ನನ್ನನ್ನು ಕರೆದರು. ಅಂಬರನಾಥದ ಶಿವಾಲಯಕ್ಕೆ ಹೋಗೋಣ ಎಂದರು. ನಾನು ಡೊಂಬಿವಲಿಗೆ ಹೋದಾಗ ಹಳದಿ ಗಾಡಿ ಅವರ ಬಿಲ್ಡಿಂಗಿನ ಎದುರು, ನೆಲದ ಮೇಲೆ ಸುಣ್ಣದಲ್ಲಿ ಎಳೆದ ಗೆರೆಗೆ ಒಂದಿಂಚೂ ಆಚೀಚೆ ಆಗದೆ ನಿಂತಿತ್ತು. ಗೆರೆ ಅವರೇ ಎಳೆದದ್ದು. ಸೀಟು ಎರಡೇ ಆದ್ದರಿಂದ ಅವರ ಹೆಂಡತಿ ಏನು ಮಾಡುತ್ತಾರೆ ಎಂದು ಕೇಳಿದೆ. ಆಕೆಗೆ ಮೊಣಕಾಲು ನೋವು, ಅಷ್ಟು ಕೆಳಗೆ ಕೂತರೆ ಏಳಲು ಆಗುವುದಿಲ್ಲ, ಲೋಕಲ್‌ನಲ್ಲಿ ಹೊರಟಾಯಿತು ಎಂದರು.

ಅವರು ಗಾಡಿ ಓಡಿಸುವ ರೀತಿಯನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಬೆನ್ನು ನೆಟ್ಟಗೆ, ಕಣ್ಣು ದೂರದಲ್ಲಿ. ದೀಪ ಕಂಡ ಕೂಡಲೇ ಹಸಿರು, ಹಳದಿ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಲವತ್ತರ ಮೇಲೆ ಮುಳ್ಳು ಏರಲಿಲ್ಲ. ಹಿಂದಿನವರು ಹಾರನ್ ಹೊಡೆದರು, ಬೈಕಿನವರು ಪಕ್ಕಕ್ಕೆ ಬಂದು ಇಂಜಿನ್ ಕೆರಳಿಸಿ ರೇಸಿಗೆ ಕರೆದರು. ಅವರು ಕಡೆಗಣ್ಣಿನಿಂದಲೂ ನೋಡಲಿಲ್ಲ. ತಿರುವು ಬಂದಾಗ ಮಾತ್ರ ಮುಖ ಬದಲಾಗುತ್ತಿತ್ತು. ಕಲ್ಯಾಣದ ಹತ್ತಿರ ಒಂದು ದೊಡ್ಡ ತಿರುವಿನಲ್ಲಿ ಎರಡೂ ಕೈಯಿಂದ ಸ್ಟಿಯರಿಂಗನ್ನು ನಿಧಾನವಾಗಿ ತಿರುಗಿಸುತ್ತ ಹೋದರು, ಗಾಡಿ ಅವರು ಹೇಳಿದ ಕಡೆಗೆ ಬಾಗಿತು. ತಿರುವು ಮುಗಿದಾಗ ನನ್ನ ಕಡೆ ನೋಡಿದರು. ಮುಂದಿನ ಚೌಕದಲ್ಲಿ ಬೇಕಿಲ್ಲದಿದ್ದರೂ ಒಂದು ಪೂರ್ತಿ ಸುತ್ತು ಹಾಕಿದರು.

ನಾವು ದೇವಸ್ಥಾನ ತಲುಪಿದಾಗ ಅವರ ಹೆಂಡತಿ ಮೆಟ್ಟಿಲಿನ ಮೇಲೆ ಕೂತು, ಕೊಂಡ ಬಿಲ್ವಪತ್ರೆಯನ್ನು ಆರಿಸಿ, ಹೂವು ಕಟ್ಟಿ ಮುಗಿಸಿದ್ದರು. ತಾನು ಬಂದು ಮುಕ್ಕಾಲು ತಾಸಾಯಿತು ಎಂದು ಗಂಡನಿಗೆ ಹೇಳಿದರು. ಅವರು, ರೈಲು ತಡವಾದಾಗ ಹೇಳುವ ಹಾಗೆ, ಮುಂದೆ ಸಿಗ್ನಲ್ ಸಿಗಲಿಲ್ಲ ಎಂದರು. ಆಕೆ ನನ್ನ ಕೈಗೆ ಒಂದು ಹಿಡಿ ಪತ್ರೆ ಕೊಟ್ಟರು. ಒಳಗೆ ಹೋಗಿ ಕೈಮುಗಿದು ಬಂದೆವು.

ಹಿಂತಿರುಗುವಾಗ ನಾನು ಆಕೆಯ ಜೊತೆ ಲೋಕಲ್‌ನಲ್ಲಿ ಬರುತ್ತೇನೆ ಎಂದೆ. ನನಗೂ ಮೊಣಕಾಲು ಹಿಡಿದಿತ್ತು. ಮೋಟರ್‌ಮನ್ ಸರಿ ಎಂದು ಪೂಜೆಯ ತೆಂಗಿನಕಾಯಿಯನ್ನು ಪಕ್ಕದ ಸೀಟಿನ ಮೇಲೆ ಇಟ್ಟರು. ಗಾಡಿ ಕುಂಯ್ ಕುಂಯ್ ಎಂದು ಕೂಗತೊಡಗಿತು, ಆ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆ ಎಂದು. ಅವರು ತೆಂಗಿನಕಾಯಿಗೂ ಬೆಲ್ಟ್ ಬಿಗಿದು, ಮುಂದೆ ನೋಡಿ, ಹಿಂದೆ ನೋಡಿ, ಒಂದು ಸಲ ಹಾರನ್ ಹೊಡೆದು ಹೊರಟರು.